ಎಣ್ಣೆಸ್ನಾನ ನಿಂತ ಮೇಲೆ: ಹರೆಯದ ಸ್ಕೋಲಿಯೋಸಿಸ್ ಮತ್ತು ದೆಹಲಿಯ ಪಾಲಕರು

ಸ್ಕೋಲಿಯೋಸಿಸ್‌ಗೆ ಕನ್ನಡದಲ್ಲಿ ಬಳಕೆಯ ಪದವಿಲ್ಲ. ಗೂನು ಎಂದರೆ ಬೆನ್ನು ಹಿಂದಕ್ಕೆ ಉಬ್ಬಿದ್ದು. ಇಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತದೆ, ಜೊತೆಗೇ ತಿರುಚಿಕೊಳ್ಳುತ್ತದೆ. ಹೆಸರಿಲ್ಲದ ಕಾಯಿಲೆಗೆ ಪಾಲಕರು ತಮಗೆ ತಿಳಿದ ಕಾರಣ ಹಚ್ಚುತ್ತಾರೆ: ಸ್ಕೂಲ್ ಬ್ಯಾಗು, ಮೊಬೈಲು, ಕೂರುವ ಭಂಗಿ. "ನೆಟ್ಟಗೆ ಕೂತ್ಕೋ" ಎಂಬ ಗದರಿಕೆಯೇ ಮೊದಲ ಚಿಕಿತ್ಸೆ. ಆದರೆ ಹರೆಯದ ಬಹುಪಾಲು ಬಾಗುಗಳಿಗೆ ನಿಶ್ಚಿತ ಕಾರಣ ಗೊತ್ತಾಗಿಲ್ಲ. ಬ್ಯಾಗಿನ ಮೇಲೆ ದೂರು ಹೊರಿಸಲು ಆಧಾರವಿಲ್ಲ.

ಜಾನ್ ಕಾಬ್ 1948ರಲ್ಲಿ ವಿವರಿಸಿದ ಕೋನವೇ ಇಂದಿಗೂ ಅಳತೆಗೋಲು. 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್. ನೂರರಲ್ಲಿ ಎರಡು ಮೂರು ಮಕ್ಕಳಲ್ಲಿ ಇದು ಕಾಣುತ್ತದೆ. ಬಾಗು ಹೆಚ್ಚುತ್ತ ಹೋಗುವ ಸಂಭವ ಹುಡುಗಿಯರಲ್ಲಿ ಜಾಸ್ತಿ, ಅದೂ ಎತ್ತರ ಸರ್ರನೆ ಏರುವ ವರ್ಷಗಳಲ್ಲಿ. ತಾಯಿ ಮಗಳ ಬೆನ್ನಿಗೆ ಎಣ್ಣೆ ತಿಕ್ಕುವುದನ್ನು ಬಿಡುವುದೂ ಆಗಲೇ. ಬಚ್ಚಲ ಬಾಗಿಲು ಮುಚ್ಚುತ್ತದೆ. ಸಮವಸ್ತ್ರದ ದುಪಟ್ಟಾ, ದೆಹಲಿ ಚಳಿಯ ಸ್ವೆಟರು ಉಳಿದದ್ದನ್ನು ಮರೆಮಾಡುತ್ತವೆ. ನೋವೂ ಸಾಮಾನ್ಯವಾಗಿ ಇರದು. ಕೊನೆಗೆ ಸುಳಿವು ಕೊಡುವವನು ದರ್ಜಿ: ಒಂದು ಹೆಗಲು ಮೇಲಿದೆ, ಕುರ್ತಾದ ಅಂಚು ಓರೆಯಾಗಿದೆ.

ಏಮ್ಸ್, ವಸಂತಕುಂಜದ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಇರುವ ಊರಿನಲ್ಲಿ ಚಿಕಿತ್ಸೆಗಿಂತ ನೋಟದ ಕೊರತೆಯೇ ದೊಡ್ಡದು ಎನ್ನಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮಕ್ಕಳಲ್ಲಿ ಹುಡುಕುವ 30 ತೊಂದರೆಗಳ ಮೂಲ ಪಟ್ಟಿಯಲ್ಲಿ ತಿರುಚುಪಾದವಿದೆ, ಸೊಂಟದ ಕೀಲಿನ ದೋಷವಿದೆ. ಹರೆಯದ ಸ್ಕೋಲಿಯೋಸಿಸ್ ಇಲ್ಲ.

ಅದೇ 2013ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಪ್ರಯೋಗವೊಂದರಲ್ಲಿ ಬ್ರೇಸ್ (ಮೈಗೆ ಬಿಗಿಯುವ ಗಟ್ಟಿ ಕವಚ) ತೊಟ್ಟವರ ಪೈಕಿ ಶೇ. 72 ಮಂದಿಯ ಬಾಗು, ಬೆಳವಣಿಗೆ ಮುಗಿಯುವವರೆಗೂ 50 ಡಿಗ್ರಿ ಮುಟ್ಟಲಿಲ್ಲ. ಬರೀ ನಿಗಾದಲ್ಲಿದ್ದವರಲ್ಲಿ ಈ ಪ್ರಮಾಣ ಶೇ. 48. ದಿನಕ್ಕೆ ಸುಮಾರು 13 ಗಂಟೆ ಮೀರಿ ತೊಟ್ಟವರಲ್ಲಿ ಫಲ ಶೇ. 90ರ ಮೇಲೆ. ಬ್ರೇಸ್ ಬೆನ್ನನ್ನು ನೆಟ್ಟಗೆ ಮಾಡುವುದಿಲ್ಲ, ಬಾಗುವುದನ್ನು ತಡೆಯುತ್ತದೆ. ಪಾಲಕರಿಗೆ ಒಪ್ಪಿಕೊಳ್ಳಲು ಕಷ್ಟವಾಗುವ ಮಾತು ಇದೇ. ಎಕ್ಸ್‌ರೇಯಲ್ಲಿ 30 ಡಿಗ್ರಿ, ಹೊರಗೆ ಮೇ ತಿಂಗಳ 45 ಡಿಗ್ರಿ. ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಬನಿಯನ್ನು ಒದ್ದೆಯಾಗಿ ಅಂಟುವಾಗ 13 ಗಂಟೆಯ ಲೆಕ್ಕ ಬೇರೆಯೇ. ಬೆವರಿದ ಬನಿಯನ್ನು ಬದಲಿಸಿಕೊಡುವುದು ಗದರುವುದಕ್ಕಿಂತ ಉಪಯುಕ್ತ.

ವಿಲಿಯಂ ಆಡಮ್ಸ್ 1865ರಲ್ಲಿ ವಿವರಿಸಿದ ಪರೀಕ್ಷೆಗೆ ಖರ್ಚಿಲ್ಲ. ಮಗುವಿನ ಒಪ್ಪಿಗೆ ಪಡೆದು, ಪಾದ ಜೋಡಿಸಿ, ಮಂಡಿ ಮಡಿಸದೆ ಮುಂದಕ್ಕೆ ಬಾಗಲು ಹೇಳಿ; ಹಿಂದೆ ನಿಂತು ನೋಡಿ. ಪಕ್ಕೆಲುಬು ಒಂದು ಕಡೆ ಉಬ್ಬಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಹೆಣ್ಣುಮಕ್ಕಳಿಗೆ 10 ಮತ್ತು 12ನೇ ವಯಸ್ಸಿನಲ್ಲಿ, ಗಂಡುಮಕ್ಕಳಿಗೆ 13 ಅಥವಾ 14ರಲ್ಲಿ ಈ ಪರೀಕ್ಷೆಯನ್ನು ತಪ್ಪಿಸಬೇಡಿ.