ಪ್ರಾಂಪ್ಟರ್ ಮೇಲೆ ಪೌಂಡ್ ಬಂತು!

ರಾತ್ರಿ ಒಂಬತ್ತರ ಬುಲೆಟಿನ್. ತುಂಬಾ ವರ್ಷಗಳ ಹಿಂದಿನ ಮಾತು, ಆಗ ನಾನಿದ್ದದ್ದು ಬೇರೆ ಚಾನೆಲ್‌ನಲ್ಲಿ. ಜಿಲ್ಲೆಯಿಂದ ಒಂದು ಸುದ್ದಿ ಕೊನೇ ನಿಮಿಷದಲ್ಲಿ ಮೇಲ್‌ನಲ್ಲಿ ಬಂತು, ಡೆಸ್ಕಿನ ಹುಡುಗ ಹಾಗೇ ಎತ್ತಿ ಪ್ರಾಂಪ್ಟರ್‌ಗೆ ಹಾಕಿಬಿಟ್ಟ. ನಾನು ನಗುನಗುತ್ತಾ ಕ್ಯಾಮೆರಾ ನೋಡ್ತೀನಿ, ಎದುರಿಗೆ ಕನ್ನಡವೇ ಇಲ್ಲ! ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಹೊತ್ತ ಎ, ಆಮೇಲೆ ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ. ಸಾಲು ಸಾಲಾಗಿ ಪೌಂಡುಗಳು. ಸುಮಾರು ಮುಕ್ಕಾಲು ನಿಮಿಷ ಬಾಯಿಗೆ ಬಂದದ್ದು ಮಾತಾಡಿ ಬಚಾವಾದೆ. ನೋಡಿದವರಿಗೆ ಗೊತ್ತಾಗಲಿಲ್ಲ ಅಂದ್ಕೊಂಡಿದ್ದೀನಿ.

ಆ ಪೌಂಡ್ ಏನು ಗೊತ್ತಾ? ಅದು ನಮ್ಮ 'ನ'. 'ಕನ್ನಡ' ಅನ್ನೋ ಪದದ ನಟ್ಟನಡುವೆ ಕೂತಿರೋ 'ನ'. ಅದು ಪೌಂಡ್ ಆಗಿದ್ದು ಯಾಕೆ ಅಂತ ಹುಡುಕ್ತಾ ಹೋದರೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕಾಗುತ್ತೆ.

1874ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ಶೋಲ್ಸ್ ಎಂಬಾತನ ಟೈಪ್‌ರೈಟರನ್ನು ಮಾರುಕಟ್ಟೆಗೆ ಬಿಟ್ಟಿತು. ಬಂದೂಕು ಮಾಡುತ್ತಿದ್ದ ಕಂಪನಿ ಅದು. ಇಪ್ಪತ್ತಾರು ಅಕ್ಷರದ ಭಾಷೆಗೆ ಆ ಯಂತ್ರ ಹೇಳಿ ಮಾಡಿಸಿದಂತಿತ್ತು. ನಮ್ಮದೋ? ಸ್ವರ, ವ್ಯಂಜನ, ಅದರ ಮೇಲೆ ಕಾಗುಣಿತ, ಅದರ ಕೆಳಗೆ ಒತ್ತು. ಪೂರ್ತಿ ಲೆಕ್ಕ ಹಾಕಿದರೆ ಸಾವಿರಾರು ರೂಪಗಳು. ಯಂತ್ರದಲ್ಲಿ ಇರೋದು ನಲವತ್ತು ಚಿಲ್ಲರೆ ಕೀಲಿ. ಅಷ್ಟರಲ್ಲೇ ಕನ್ನಡವನ್ನು ಕೂರಿಸುವ ಕೀಲಿಮಣೆ ರೂಪಿಸಿದವರು ಅನಂತ ಸುಬ್ಬರಾಯರು. ಇಡೀ ಅಕ್ಷರದ ಬದಲು ಅಕ್ಷರದ ತುಂಡುಗಳು: ಒಂದು ಕೀಲಿಗೆ ಅಕ್ಷರದ ದೇಹ, ಇನ್ನೊಂದಕ್ಕೆ ಕೊಂಬು, ಮತ್ತೊಂದಕ್ಕೆ ಒತ್ತು. ಟೈಪಿಸ್ಟ್ ಅವನ್ನು ಜೋಡಿಸಿಕೊಳ್ಳಬೇಕು. ತಾಲ್ಲೂಕಿಗೊಂದು ಟೈಪಿಂಗ್ ಇನ್ಸ್‌ಟಿಟ್ಯೂಟ್ ಇದ್ದ ಕಾಲ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಕನ್ನಡ ಜೂನಿಯರ್, ಕನ್ನಡ ಸೀನಿಯರ್ ಪಾಸಾದರೆ ಕೋರ್ಟಿನಲ್ಲೋ ತಾಲ್ಲೂಕು ಆಫೀಸಿನಲ್ಲೋ ಕೆಲಸ ಸಿಗುತ್ತೆ ಅನ್ನೋ ಆಸೆ. ಗೋದ್ರೆಜ್ ಕಂಪನಿ 1955ರಲ್ಲಿ ನಮ್ಮ ದೇಶದಲ್ಲೇ ಟೈಪ್‌ರೈಟರ್ ಮಾಡೋಕೆ ಶುರುಮಾಡಿತು, ಐವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿತು.

ಇಲ್ಲೊಂದು ವಿಷಯ ಗಮನಿಸಿ. ಯಾವ ಕಂಪನಿಯ ಯಂತ್ರದಲ್ಲಿ ಹೊಡೆದರೂ ಬಿಳಿ ಹಾಳೆಯ ಮೇಲೆ ಮೂಡಿದ್ದು ಕನ್ನಡವೇ. ಅದನ್ನು ಓದೋಕೆ ಅದೇ ಯಂತ್ರ ಬೇಕು ಅಂತ ಯಾರೂ ಹೇಳ್ತಿರಲಿಲ್ಲ. ತೊಂದರೆ ಶುರುವಾದದ್ದು ಕಂಪ್ಯೂಟರ್ ಬಂದ ಮೇಲೆ.

ಆಗಿನ ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ ಇದ್ದದ್ದು 256 ಮನೆಗಳು. ಇಂಗ್ಲಿಷು, ಅಂಕಿ, ಯುರೋಪಿನ ಗೀಟು-ಚುಕ್ಕೆ ಅಕ್ಷರಗಳು ಆಗಲೇ ಅಲ್ಲಿ ಸಂಸಾರ ಹೂಡಿದ್ದವು. ಕನ್ನಡಕ್ಕೆ ಸ್ವಂತ ಮನೆ ಇಲ್ಲ. ಡಿಟಿಪಿ ತಂತ್ರಾಂಶ ಮಾಡಿದವರು ಏನು ಮಾಡಿದರು? ಪೌಂಡ್ ಚಿಹ್ನೆ ಇದ್ದ ಮನೆಗೆ 'ನ' ಚಿತ್ರ ಅಂಟಿಸಿದರು, ಪಿ ಇದ್ದ ಕಡೆ 'ಕ' ಅಂಟಿಸಿದರು. ಆ ಫಾಂಟ್ ಇದ್ದರೆ ನಿಮಗೆ ಕನ್ನಡ ಕಾಣುತ್ತೆ. ಇಲ್ಲದಿದ್ದರೆ ಹಳೇ ಮಾಲೀಕ ಈಚೆ ಬಂದು ನಿಲ್ಲುತ್ತಾನೆ. ಅವತ್ತು ನನ್ನ ಪ್ರಾಂಪ್ಟರ್ ಮೇಲೆ ಬಂದು ನಿಂತವನು ಅವನೇ.

ಒಂದೊಂದು ಕಂಪನಿಯದು ಒಂದೊಂದು ಜೋಡಣೆ. ಇವರ ಫೈಲು ಅವರಲ್ಲಿ ತೆರೆಯೋದಿಲ್ಲ. ಕೆಲವು ತಂತ್ರಾಂಶಗಳ ಜೊತೆ ಡಾಂಗಲ್ ಅಂತ ಪುಟ್ಟ ಡಬ್ಬಿ ಕೊಡ್ತಿದ್ದರು, ಕಂಪ್ಯೂಟರಿನ ಹಿಂದೆ ಸಿಕ್ಕಿಸಬೇಕು. ಅದು ಕಳೆದುಹೋದರೆ ತಂತ್ರಾಂಶವೂ ಇಲ್ಲ, ಬರೆದದ್ದೂ ಇಲ್ಲ! ನಮ್ಮ ಭಾಷೆಯಲ್ಲಿ ನಾವೇ ಬರೆದದ್ದನ್ನು ಓದೋಕೆ ಇನ್ನೊಬ್ಬರ ಬೀಗದ ಕೈ ಬೇಕು. ಇದನ್ನು ಪ್ರಶ್ನೆ ಮಾಡಬೇಕು ಅಂತ ಆಗ ನಮಗೆ ಯಾರಿಗೂ ಅನ್ನಿಸಲೇ ಇಲ್ಲ. ನನ್ನನ್ನೂ ಸೇರಿಸಿ ಹೇಳ್ತಿದ್ದೀನಿ.

ಆದರೆ ಕೆಲವರಿಗೆ ಅನ್ನಿಸಿತ್ತು. ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅಂಥವರಲ್ಲಿ ಒಬ್ಬರು. ಮುಂಬೈಯ ಟಾಟಾ ಪ್ರೆಸ್ಸು, ಆಮೇಲೆ ಮೋನೋಟೈಪ್, ಹೀಗೆ ಅಚ್ಚಿನ ಲೋಕದಲ್ಲೇ ದುಡಿದವರು. ಅವರ ಯೋಚನೆ ಸರಳವಾಗಿತ್ತು. ಕನ್ನಡದ ವ್ಯಾಕರಣ ನಮಗೆ ಆಗಲೇ ಗೊತ್ತಿದೆ, ಒತ್ತು ಕೊಂಬುಗಳನ್ನು ಟೈಪಿಸ್ಟ್ ಯಾಕೆ ಜೋಡಿಸಬೇಕು? ಆ ಕೆಲಸ ಯಂತ್ರಕ್ಕೆ ಬಿಡೋಣ. ಇಂಗ್ಲಿಷ್ ಕೀಬೋರ್ಡಿನ ಇಪ್ಪತ್ತಾರೇ ಕೀಲಿ ಸಾಕು. ಕೆ ಒತ್ತಿದರೆ 'ಕ', ಶಿಫ್ಟ್ ಜೊತೆ ಒತ್ತಿದರೆ 'ಖ'. ಅಲ್ಪಪ್ರಾಣ ಕೆಳಗೆ, ಮಹಾಪ್ರಾಣ ಮೇಲೆ. ಹ್ರಸ್ವ ಕೆಳಗೆ, ದೀರ್ಘ ಮೇಲೆ. ಒತ್ತಕ್ಷರ ಬೇಕಾದರೆ ಮಧ್ಯೆ ಎಫ್. 'ಕನ್ನಡ' ಬರೆಯೋಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಏಟು! ನಾನು ಇದನ್ನು ಕಲಿತದ್ದು ಒಂದು ವಾರದಲ್ಲಿ, ಅದೂ ನ್ಯೂಸ್‌ರೂಮಿನ ಗಲಾಟೆಯ ಮಧ್ಯೆ. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು 'ಸೇಡಿಯಾಪು', ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಅದನ್ನು ಮಾರಲಿಲ್ಲ, ಸುಮ್ಮನೆ ಕೊಟ್ಟರು. ಮುಂದೆ ಕರ್ನಾಟಕ ಸರ್ಕಾರ ಅಲ್ಪಸ್ವಲ್ಪ ಬದಲಾವಣೆ ಮಾಡಿ ಇದೇ ವಿನ್ಯಾಸವನ್ನು ಅಧಿಕೃತ ಅಂತ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ'ಯಲ್ಲಿ ಇರೋದು ಅದೇ.

ಇನ್ನೊಂದು ಕಡೆ, ಅಮೆರಿಕದಲ್ಲಿದ್ದ ಶೇಷಾದ್ರಿ ವಾಸು 1998ರಲ್ಲಿ 'ಬರಹ' ಹೊರತಂದರು. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದ ಹಾಗೇ ಬರೀತಾ ಹೋದರಾಯ್ತು, ಕನ್ನಡ ಮೂಡುತ್ತೆ. 'ಕನ್ನಡ'ಕ್ಕೆ ಏಳು ಏಟು ಬೀಳುತ್ತೆ, ನಿಜ. ಆದರೆ ಕಲಿಯೋಕೇ ಏನೂ ಇಲ್ಲ. ವಿದೇಶದಲ್ಲಿ ಕೂತು ಊರಿಗೆ ಕನ್ನಡದಲ್ಲಿ ಮೇಲ್ ಬರೆಯಬೇಕು ಅಂತಿದ್ದವರಿಗೆ ಅದು ಹಬ್ಬವಾಗಿತ್ತು. ವರ್ಷಗಟ್ಟಲೆ ಅದೂ ಉಚಿತವಾಗಿಯೇ ಸಿಕ್ಕಿತು. ನುಡಿ ಮೇಲೋ ಬರಹ ಮೇಲೋ ಅಂತ ನಮ್ಮ ಡೆಸ್ಕಿನಲ್ಲಿ ನಡೆದಷ್ಟು ಜಗಳ ಚುನಾವಣೆ ಟೈಮಲ್ಲೂ ನಡೆದಿಲ್ಲ. ನಾನು ನುಡಿ ಪಾರ್ಟಿ, ಈಗಲೂ.

ಇಷ್ಟೆಲ್ಲ ಆದರೂ ಪೌಂಡ್ ಹೋಗಿರಲಿಲ್ಲ ನೋಡಿ. ಬೆರಳಿನ ಕೆಲಸ ಸುಲಭವಾಯ್ತು, ಒಳಗೆ ಅಕ್ಷರ ಕೂತಿದ್ದು ಬಾಡಿಗೆ ಮನೆಯಲ್ಲೇ. ಸ್ವಂತ ಮನೆ ಅಂತ ಸಿಕ್ಕಿದ್ದು ಯೂನಿಕೋಡಿನಲ್ಲಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಮೀಸಲಾಗಿತ್ತು. ಭಾರತ ಸರ್ಕಾರದ ಇಸ್ಕಿ ಸಂಕೇತಪಟ್ಟಿಯೇ ಅದಕ್ಕೆ ತಳಹದಿ. ಮನೆ ಮಂಜೂರಾಗಿತ್ತು, ಗೃಹಪ್ರವೇಶ ಆಗಲಿಲ್ಲ! 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಅನ್ನೋ ಫಾಂಟ್ ಬಂತು, ಫೋನಿನಲ್ಲಿ ಕನ್ನಡ ಸರಿಯಾಗಿ ಕಾಣೋಕೆ 2012ರ ಆಂಡ್ರಾಯ್ಡ್ ತನಕ ಕಾದೆವು. ನಮ್ಮ ಆಫೀಸುಗಳು, ಪ್ರೆಸ್ಸುಗಳು ಆಮೇಲೂ ಹಳೇ ಫಾಂಟಿನಲ್ಲೇ ಉಳಿದವು. ಪುಟ ಕಟ್ಟುವ ತಂತ್ರಾಂಶ ಹಳೆಯದು, ಆಪರೇಟರ್ ಕೈಗೆ ಅದೇ ಅಭ್ಯಾಸ. ಪ್ರಿಂಟ್ ತೆಗೆದರೆ ಕನ್ನಡ ಬರುತ್ತಲ್ಲ, ಇನ್ನೇನು ಬೇಕು ಅಂತ.

ಇನ್ನೇನು ಬೇಕು ಅನ್ನೋದು ನನಗೆ ಅರ್ಥವಾದದ್ದು ಮೇಷ್ಟ್ರ ಸಿಡಿಯಿಂದ.

ನನ್ನ ಮೊದಲ ಡೆಸ್ಕಿನ ಹಿರಿಯರು ಅವರು. ಪಾಠ ಮಾಡಿದವರಲ್ಲ, ಆದರೂ ಎಲ್ಲರೂ ಮೇಷ್ಟ್ರು ಅಂತಲೇ ಕರೀತಿದ್ದೆವು. ಕೆಂಪು ಇಂಕಿನ ಪೆನ್ನು ಜೇಬಲ್ಲಿಟ್ಟುಕೊಂಡೇ ಓಡಾಡೋರು. ಅವರು ತೀರಿಹೋದ ಮೇಲೆ ಮಗಳು ಒಂದು ಸಿಡಿ ಹಿಡಿದು ಬಂದಳು. "ಅಂಕಲ್, ಅಪ್ಪ ಬರಗಾಲದ ಊರು ಸುತ್ತಿದ್ದನ್ನೆಲ್ಲ ಇದರಲ್ಲಿ ಬರೆದಿಟ್ಟಿದ್ದಾರಂತೆ. ತೆರೆದರೆ ಏನೇನೋ ಬರ್ತಿದೆ" ಅಂದಳು. ತೆರೆದು ನೋಡಿದೆ. ಪೌಂಡುಗಳು! ಹಳೇ ಸ್ನೇಹಿತರನ್ನೆಲ್ಲ ನೋಡಿದ ಹಾಗಾಯ್ತು, ಆದರೆ ನಗು ಬರಲಿಲ್ಲ.

ಹೆಚ್ಚಿನವು ನುಡಿಯ ಹಳೇ ಫಾಂಟಿನವು. ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಈಗ ಇವೆ. ಹಾಕಿದೆವು, ಕನ್ನಡ ಬಂತು. ಓದ್ತಾ ಓದ್ತಾ ಆಕೆ, "ಅಪ್ಪ 'ಕನಾರ್ಟಕ' ಅಂತ ಬರೀತಿದ್ರಾ?" ಅಂದಳು. ಇಲ್ಲಮ್ಮ, ಅದು ಮೇಷ್ಟ್ರ ತಪ್ಪಲ್ಲ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ 'ನಾ' ಆದ ಮೇಲೆ ಕೂರುತ್ತಿತ್ತು. ಯೂನಿಕೋಡ್ ಉಚ್ಚಾರದ ಕ್ರಮ ಹಿಡಿದು 'ರ'ವನ್ನು ಮೊದಲಿಡುತ್ತೆ. ಪರಿವರ್ತಕ ಎಡವಿದ್ದು ಅಲ್ಲಿ. ಇನ್ನೊಂದು ಆವೃತ್ತಿಯೂ ಇದೆ, ನೀವು ಬ್ಯಾನರುಗಳಲ್ಲಿ ದಿನಾ ನೋಡಿರ್ತೀರಿ: ಅರ್ಕಾವತ್ತು ಬಾರದವರು ಕನ್ನಡದ ಅಂಕಿ ಒಂಬತ್ತನ್ನು ಅಲ್ಲಿ ಕೂರಿಸಿಬಿಡ್ತಾರೆ. 'ಕನಾ೯ಟಕ'. ಕಣ್ಣಿಗೆ ಸರಿಯಾಗೇ ಕಾಣುತ್ತೆ. ಆದರೆ ಕಂಪ್ಯೂಟರಿಗೆ ಅದು ರಾಜ್ಯದ ಹೆಸರೇ ಅಲ್ಲ, ಮಧ್ಯದಲ್ಲಿ ಒಂಬತ್ತು ಸಿಕ್ಕಿಹಾಕಿಕೊಂಡಿರೋ ಯಾವುದೋ ಪದ. ಕರ್ನಾಟಕ ಅಂತ ಹುಡುಕಿದರೆ ಆ ಕಡತ ಸಿಗೋದೇ ಇಲ್ಲ. ಸರ್ಕಾರಿ ಸುತ್ತೋಲೆಯೊಂದು ಹೀಗೆ ಇದ್ದರೆ, ಅದನ್ನು ಹುಡುಕುವ ರೈತನೋ ಪಿಂಚಣಿದಾರನೋ ಏನು ಮಾಡಬೇಕು? ಕಡತ ಕಳೆದಿಲ್ಲ ಸ್ವಾಮಿ, ಇದ್ದಲ್ಲೇ ಇದೆ. ಸಿಗಲ್ಲ, ಅಷ್ಟೇ.

ಸಿಡಿಯಲ್ಲಿ ಒಟ್ಟು 49 ಫೈಲುಗಳಿದ್ದವು. 43 ಓದೋಕೆ ಬಂದವು. ಆಕೆ ಒಂದೊಂದನ್ನೇ ಪ್ರಿಂಟ್ ತೆಗೆದು, ಅಪ್ಪನ ಥರಾನೇ ಕೆಂಪು ಪೆನ್ನು ಹಿಡಿದು ತಿದ್ದುತ್ತಾ ಕೂತಿದ್ದಾಳೆ. ಉಳಿದ ಆರು ಬೇರೆ ಯಾವುದೋ ಫಾಂಟಿನವು, ಡಾಂಗಲ್ ಬೇಡುವ ತಂತ್ರಾಂಶದ್ದು. ಆ ಕಾಲದ ಕಂಪ್ಯೂಟರ್ ಗುಜರಿಗೆ ಹೋಗಿ ವರ್ಷಗಳಾದವು, ಡಾಂಗಲ್ಲೂ ಅದರ ಹಿಂದೆಯೇ ಹೋಗಿರಬೇಕು. ಫೈಲಿನ ಹೆಸರುಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಇಟ್ಟಿದ್ದರಿಂದ ಅವು ಓದೋಕೆ ಬರುತ್ತವೆ. ಆರೂ ಊರಿನ ಹೆಸರುಗಳು. ನಿಮ್ಮ ಊರಿನ ಹಳೇ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ಅಟ್ಟದ ಮೇಲಿನ ಡಬ್ಬದಲ್ಲಿ ಅಂಥದ್ದೊಂದು ಡಾಂಗಲ್ ಬಿದ್ದಿದ್ದರೆ ಎಸೆಯಬೇಡಿ, ನಮಗೊಂದು ಮಾತು ತಿಳಿಸಿ.