ಭೀಮೆಯ ಸೀಮೆಯಲ್ಲಿ ಗಾಳದ ಶಾಸ್ತ್ರ

ಗಾಳಕ್ಕೆ ಗರಿ, ರೇಶಿಮೆಯ ನೂಲು ಸುತ್ತಿ ಹುಸಿನೊಣವನ್ನು ಕಟ್ಟುವುದು, ಅದನ್ನು ನೀರ ಮೇಲೆ ತೇಲಿಬಿಟ್ಟು ಟ್ರೌಟ್ ಮೀನನ್ನು ವಂಚಿಸುವುದು ಇಂಗ್ಲೆಂಡಿನಲ್ಲಿ ದೊಡ್ಡ ಕಲೆ. 1886ರಲ್ಲಿ ಹಾಲ್ಫರ್ಡನು ಅದಕ್ಕೊಂದು ಗ್ರಂಥವನ್ನೇ ಬರೆದನು. ಗಾಳದ ಬೇಟೆಯನ್ನು ಕುರಿತ ಮೊದಲ ಇಂಗ್ಲಿಷ್ ಪುಸ್ತಕ ಅಚ್ಚಾದದ್ದು 1496ರಲ್ಲಿ.

ನಮ್ಮಲ್ಲಿ ಏನಿತ್ತು? ಆಳಂದದ ಕಡೆಯಿಂದ ಹರಿದುಬರುವ ಅಮರ್ಜೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿಯ ಸೀಮೆಗೆ ಸಾಗುತ್ತದೆ. ತಣ್ಣೀರಿನ ಟ್ರೌಟ್ ಈ ಬಿಸಿಲುನಾಡಿನಲ್ಲಿ ಬಾಳದು. ಆದರೆ ಕಲ್ಯಾಣದಿಂದ ಈ ನಾಡನ್ನಾಳಿದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿಯೇ ತನ್ನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಅಧ್ಯಾಯವನ್ನಿರಿಸಿದನು. ಮೀನಿನ ಜಾತಿಗಳು, ಅವಕ್ಕೆ ಒಗ್ಗುವ ಎರೆ, ಕೋಲು, ದಾರ, ಗಾಳ ಎಲ್ಲವೂ ಅಲ್ಲಿ ಉಂಟು. ಇಂಗ್ಲಿಷರ ನೊಣ ಮೀನಿನ ಕಣ್ಣನ್ನು ವಂಚಿಸಿದರೆ, ಇಲ್ಲಿಯ ಎರೆ ಅದರ ನಾಲಗೆಯನ್ನು ಒಲಿಸುತ್ತದೆ.

ಅರಸನಿಗೆ ಈ ವಿದ್ಯೆಯನ್ನು ತಿಳಿಸಿದವರಾರು? ಹೊಳೆಯನ್ನೇ ನಂಬಿ ಬಾಳಿದ ಬೆಸ್ತರಲ್ಲದೆ ಮತ್ತಾರಿದ್ದಾರು? ಆದರೂ ನಮ್ಮವರೆಗೆ ಬಂದದ್ದು ಅರಸನ ಹೆಸರು. ಅದೇ ಶತಮಾನದಲ್ಲಿ ಅಂಬಿಗರ ಚೌಡಯ್ಯನು ಕಸುಬು ಕೂಡಿದ ತನ್ನ ಹೆಸರನ್ನೇ ಅಂಕಿತವಾಗಿಸಿ ಕನ್ನಡದಲ್ಲಿ ವಚನ ನುಡಿದನು. ಇವೆರಡನ್ನೂ ಜೊತೆಗಿಟ್ಟು ಓದಿರೆಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಅರಮನೆಯ ವಿನೋದವೊಂದನ್ನೇ ಓದಿದವನಿಗೆ ಹೊಳೆಯ ಒಂದೇ ದಡ ಕಂಡೀತು.