ಹೃದಯದ ಗೋಡೆ ಅಲುಗಾಡ್ತಿಲ್ಲ ಅಂದ್ರೆ ಸತ್ತಿದೆ ಅಂತಲೇ ಅರ್ಥವಾ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ, ಹಿಂಜವಡಿ ಟ್ರಾಫಿಕ್‌ನಲ್ಲಿ ಕ್ಯಾಬ್‌ನೊಳಗೆ ಕೂತು ಓದುವವರಿಗಾಗಿ ಈ ಬರಹರೂಪ. ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಹಾಗಾಗಿ ಚಿಕಿತ್ಸೆ ಹೇಳಲ್ಲ, ಇತಿಹಾಸ ಹೇಳ್ತೀನಿ.

ಪುಣೆಯಲ್ಲಿರುವ ನಮ್ಮಲ್ಲಿ ಬಹಳ ಜನರ ಅಪ್ಪ-ಅಮ್ಮ ವಿಜಯಪುರ, ಕಲಬುರಗಿ, ಬೆಳಗಾವಿ, ಹುಬ್ಬಳ್ಳಿ ಕಡೆ ಇದ್ದಾರೆ. ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆದ್ರೆ ವಾಟ್ಸಾಪ್‌ಗೆ ಎಕೋ ರಿಪೋರ್ಟ್ ಬರುತ್ತೆ. ಅದರಲ್ಲಿ ಇ.ಎಫ್. 35% ಅಂತಿದ್ರೆ, 65% ಹೃದಯ ಹೋಯ್ತು ಅಂತ ಮನೆಮಂದಿ ಕಂಗಾಲಾಗ್ತಾರೆ. ಆದ್ರೆ ಲೆಕ್ಕ ಹಾಗಲ್ಲ. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಭಾಗ ಹೊರಗೆ ಹೋಗುತ್ತೆ ಅನ್ನೋದೇ ಇ.ಎಫ್. ಆರೋಗ್ಯವಂತರಲ್ಲೂ ಅದು ಸುಮಾರು 55ರಿಂದ 70% ಅಷ್ಟೇ. ಇನ್ನೊಂದು ಮಾತು: ಕೆಲಸ ನಿಲ್ಲಿಸಿದ ಸ್ನಾಯುವೆಲ್ಲ ಸತ್ತ ಸ್ನಾಯು ಆಗಿರಬೇಕಿಲ್ಲ. ಇದು ವೈದ್ಯಲೋಕಕ್ಕೇ ಅರ್ಥವಾಗೋಕೆ ದಶಕಗಳು ಹಿಡಿದವು.

1912ರಲ್ಲಿ ಶಿಕಾಗೋದ ಜೇಮ್ಸ್ ಹೆರಿಕ್ ಒಂದು ಪ್ರಬಂಧ ಬರೆದರು. ಕೊರೊನರಿ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರೆಲ್ಲ ತಕ್ಷಣ ಸಾಯೋದಿಲ್ಲ, ಕೆಲವರು ಬದುಕ್ತಾರೆ ಅಂತ ಅದರಲ್ಲಿ ತೋರಿಸಿದರು. ಹಾಗಾದ್ರೆ ರಕ್ತ ಸಿಗದ ಆ ಭಾಗ ಏನು ಮಾಡ್ತಿರುತ್ತೆ? ಉತ್ತರ 1935ರಲ್ಲಿ ಕ್ಲೀವ್‌ಲ್ಯಾಂಡ್‌ನಿಂದ ಬಂತು. ರಾಬರ್ಟ್ ಟೆನ್ನಂಟ್ ಮತ್ತು ಕಾರ್ಲ್ ವಿಗ್ಗರ್ಸ್ ನಾಯಿಯ ಕೊರೊನರಿ ನಾಳವನ್ನು ಬಿಗಿದು ಮುಚ್ಚಿ ನೋಡಿದರು. ಸುಮಾರು ಒಂದು ನಿಮಿಷದೊಳಗೆ ಆ ಭಾಗ ಸಂಕುಚಿಸೋದನ್ನು ಬಿಟ್ಟು, ಪ್ರತಿ ಬಡಿತಕ್ಕೂ ಬಲೂನಿನ ಹಾಗೆ ಹೊರಗೆ ಉಬ್ಬತೊಡಗಿತು.

ಇಷ್ಟು ಬೇಗ ಯಾಕೆ? ನಮ್ಮ ಕೈಕಾಲಿನ ಸ್ನಾಯು ವಿಶ್ರಾಂತಿಯಲ್ಲಿ ರಕ್ತದ ಆಮ್ಲಜನಕದಲ್ಲಿ ಸ್ವಲ್ಪವನ್ನಷ್ಟೇ ಬಳಸುತ್ತೆ, ಬೇಕಾದಾಗ ಹೆಚ್ಚು ಹೀರಿಕೊಳ್ಳುತ್ತೆ. ಹೃದಯ ಸುಮ್ಮನಿದ್ದಾಗಲೇ ಸುಮಾರು 70% ಹೀರಿಕೊಂಡಿರುತ್ತೆ. ಅಂದ್ರೆ ಸರ್ವರ್ ಯಾವಾಗಲೂ ಹೆಚ್ಚುಕಡಿಮೆ ಫುಲ್ ಲೋಡ್‌ನಲ್ಲೇ ಓಡ್ತಿದೆ. ಹೆಚ್ಚು ಆಮ್ಲಜನಕ ಬೇಕಂದ್ರೆ ಹೆಚ್ಚು ರಕ್ತವೇ ಬರಬೇಕು. ಬರಲಿಲ್ಲ ಅಂದ್ರೆ ಸ್ನಾಯು ಮೊದಲು ಕೆಲಸ ನಿಲ್ಲಿಸುತ್ತೆ. ಸಾಯೋದು ಆಮೇಲೆ.

ಆ 'ಆಮೇಲೆ' ಎಷ್ಟು ಹೊತ್ತು? 1977ರಲ್ಲಿ ಕೀತ್ ರೀಮರ್, ರಾಬರ್ಟ್ ಜೆನ್ನಿಂಗ್ಸ್ ಮತ್ತು ಸಂಗಡಿಗರು ನಾಯಿಗಳಲ್ಲಿ ಇದನ್ನು ಅಳೆದರು. ಸಾವು ಹೃದಯದ ಒಳಪದರದಲ್ಲಿ ಶುರುವಾಗಿ ಅಲೆಯ ಹಾಗೆ ಹೊರಗೆ ಹರಡುತ್ತೆ. 40 ನಿಮಿಷದ ನಂತರ ನಾಳ ಬಿಡಿಸಿದ್ರೆ ಗೋಡೆಯ ದಪ್ಪದಲ್ಲಿ ಸುಮಾರು 38% ಸತ್ತಿತ್ತು. 3 ಗಂಟೆಗೆ 57%, 6 ಗಂಟೆಗೆ 71%. ಮನುಷ್ಯರಲ್ಲಿ ಈ ಅಂಕಿ ಬೇರೆ ಇರಬಹುದು, ಆದ್ರೆ ನಿಯಮ ಅದೇ: ತಡವಾದಷ್ಟೂ ನಷ್ಟ.

ಈಗ ಸತ್ತದ್ದಕ್ಕೂ ಬದುಕಿದ್ದಕ್ಕೂ ನಡುವಿನ ಸ್ಥಿತಿಗೆ ಬರೋಣ. 1975ರಲ್ಲಿ ಹೈಂಡ್ರಿಕ್ಸ್, ವ್ಯಾಟ್ನರ್ ಮತ್ತಿತರರು ನಾಯಿಗಳ ನಾಳವನ್ನು 15 ನಿಮಿಷ ಮಾತ್ರ ಮುಚ್ಚಿ ಬಿಟ್ಟರು. ರಕ್ತ ಬೇಗ ವಾಪಸ್ ಬಂತು. ಸ್ನಾಯು ಸತ್ತಿರಲಿಲ್ಲ. ಆದ್ರೂ ಅದು ಮೊದಲಿನಂತೆ ಸಂಕುಚಿಸೋಕೆ ಗಂಟೆಗಟ್ಟಲೆ ಬೇಕಾಯ್ತು. 1982ರಲ್ಲಿ ಯೂಜೀನ್ ಬ್ರೌನ್‌ವಾಲ್ಡ್ ಮತ್ತು ರಾಬರ್ಟ್ ಕ್ಲೋನರ್ ಇದನ್ನು 'ಸ್ಟನ್ಡ್' ಸ್ನಾಯು ಅಂತ ಕರೆದರು, ಅಂದ್ರೆ ಪೆಟ್ಟು ತಿಂದು ದಂಗಾದ ಸ್ನಾಯು. ಅದೇ ದಶಕದಲ್ಲಿ, ನಮ್ಮ ಪಕ್ಕದ ಮುಂಬೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರಾದ ಶಹಾಬುದ್ದೀನ್ ರಹಿಮ್‌ತುಲಾ ಇನ್ನೊಂದು ಸ್ಥಿತಿಯನ್ನು ವಿವರಿಸಿದರು. ಬಹುಕಾಲ ರಕ್ತ ಕಡಿಮೆ ಸಿಕ್ಕ ಸ್ನಾಯು, ಇದ್ದಷ್ಟರಲ್ಲೇ ಜೀವ ಹಿಡಿದುಕೊಳ್ಳೋಕೆ ಕೆಲಸ ಇಳಿಸಿಕೊಂಡಿರುತ್ತೆ. ಬೈಪಾಸ್ ಆದ ಮೇಲೆ ಕೆಲವರಲ್ಲಿ ಅದು ಮತ್ತೆ ಎದ್ದು ಬಡಿಯತೊಡಗಿತ್ತು. ಇದೇ 'ಹೈಬರ್ನೇಟಿಂಗ್' ಸ್ನಾಯು.

ಹಾಗಂತ ಸ್ಟೆಂಟ್ ಹಾಕಿದ್ರೆ ಎಲ್ಲ ಏಳುತ್ತೆ ಅಂತ ತಿಳೀಬೇಡಿ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ರಿವೈವ್ಡ್ ಪ್ರಯೋಗದಲ್ಲಿ ಇ.ಎಫ್. 35% ಅಥವಾ ಅದಕ್ಕೂ ಕಡಿಮೆ ಇದ್ದ, ಸ್ನಾಯು ಇನ್ನೂ ಜೀವಂತ ಇದ್ದ 700 ಜನ ಇದ್ದರು. ಒಳ್ಳೆಯ ಔಷಧದ ಜೊತೆಗೆ ಸ್ಟೆಂಟ್ ಹಾಕಿದ್ದರಿಂದ ಸಾವಾಗಲಿ, ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರೋದಾಗಲಿ ಕಡಿಮೆಯಾಗಲಿಲ್ಲ. ಇದು ಹಳೆಯ, ನಿಧಾನದ ಕಾಯಿಲೆಯ ಮಾತು. ಈಗಷ್ಟೇ ನಾಳ ಮುಚ್ಚಿಕೊಂಡ ಹಾರ್ಟ್ ಅಟ್ಯಾಕ್‌ನಲ್ಲಿ ಬೇಗ ನಾಳ ತೆರೆಯೋದೇ ಜೀವ ಉಳಿಸೋದು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಕರ್ನಾಟಕಕ್ಕೆ ಇದೆಲ್ಲ ಮನೆಯ ಮಾತಾಯ್ತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಕೇಂದ್ರದ ಸಲಹೆ ಪಡೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡೋ ವ್ಯವಸ್ಥೆ ಮಾಡಿದರು. 1977ರ ಆ ಅಲೆಯನ್ನು ಅರ್ಧ ದಾರಿಯಲ್ಲೇ ತಡೆಯೋದು ಇದರ ಉದ್ದೇಶ.

ದೂರದಲ್ಲಿರೋ ನಾವು ಮಾಡಬಹುದಾದ್ದು ಇಷ್ಟು. ಊರಿನ ಹತ್ತಿರ ಈ ಇಂಜೆಕ್ಷನ್ ಎಲ್ಲಿ ಸಿಗುತ್ತೆ ಅಂತ ಇವತ್ತೇ ವಿಚಾರಿಸಿ. 108 ಎರಡೂ ರಾಜ್ಯದಲ್ಲಿದೆ, ಆದ್ರೆ ಪುಣೆಯಲ್ಲಿ ಕೂತು ಒತ್ತಿದ್ರೆ ಮಹಾರಾಷ್ಟ್ರದ ಕೇಂದ್ರಕ್ಕೆ ಹೋಗುತ್ತೆ. ಹಾಗಾಗಿ ಊರಿನ ಪಕ್ಕದ ಮನೆಯವರ ನಂಬರ್ ನಿಮ್ಮ ಫೋನ್‌ನಲ್ಲಿರಲಿ. ಎದೆ ಹಿಂಡಿದಂಗಾಗಿ ಬೆವರು ಬಂದ್ರೆ 'ಗ್ಯಾಸ್ ಇರಬೇಕು, ಬೆಳಗ್ಗೆ ನೋಡೋಣ' ಅನ್ನಬೇಡಿ ಅಂತ ಅಪ್ಪ-ಅಮ್ಮನಿಗೆ ಹೇಳಿಡಿ. ಬೆಳಗಾಗೋ ತನಕ ಹೃದಯ ಕಾಯಲ್ಲ.